ಮೊದಲು ಧ್ವನಿಯನ್ನು ಉಳಿಸಿಕೊ

ಮಗೂ, ಮನೆಯ ಹಳೆಯ ತಾಳಮದ್ದಲೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿದಿದ್ದೀಯೆಂದು ಕೇಳಿ ಬಹಳ ಸಂತೋಷವಾಯಿತು. ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ, ಕಪಾಟಿನ ತಳದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಇನ್ನೂ ಟೇಪಿನ ಮೇಲೆಯೇ ಉಳಿದಿದೆ. ಶೇಣಿಯವರು ತೀರಿಕೊಂಡದ್ದು 2006ರಲ್ಲಿ. ಆ ಕೂಟಗಳು ಇನ್ನೊಮ್ಮೆ ನಡೆಯುವುದಿಲ್ಲ, ಆ ಟೇಪುಗಳೂ ಬಹಳ ಕಾಲ ಬಾಳುವುದಿಲ್ಲ. ಹಾಗಾಗಿ ನೀನು ಮಾಡುತ್ತಿರುವುದು ದೊಡ್ಡ ಕೆಲಸ. ಅದರ ನಡುವೆ ಒಂದಲ್ಲ ಒಂದು ದಿನ ತಂತ್ರಾಂಶ ಕ್ರ್ಯಾಶ್ ಆಗುತ್ತದೆ. ಇಲ್ಲವೇ ಪ್ಲೇ ಒತ್ತಿದರೆ ಸದ್ದೇ ಬರುವುದಿಲ್ಲ, ಬಂದರೂ ಪಟಪಟ ಒಡೆದು ಬರುತ್ತದೆ. ಟೇಪಿನ ಕಾಲದಿಂದಲೂ ರೆಕಾರ್ಡಿಂಗಿನಲ್ಲೇ ಬದುಕು ಕಳೆದವನಾಗಿ, ಆ ದಿನಕ್ಕೆಂದು ಕೆಲವು ಮಾತು ಹೇಳಿಡುತ್ತೇನೆ.

ಕ್ರ್ಯಾಶ್ ಆದ ಕೂಡಲೇ ಎಲ್ಲರಿಗೂ ತೋಚುವುದು ಎರಡು ದಾರಿ. ಒಂದು, ತಂತ್ರಾಂಶವನ್ನು ಕಿತ್ತು ಹೊಸದಾಗಿ ಹಾಕುವುದು. ಇನ್ನೊಂದು, ಯಾವುದಾದರೂ ಕ್ಲೀನರ್ ಓಡಿಸಿ ಡಿಸ್ಕನ್ನು ಗುಡಿಸುವುದು. ದಯವಿಟ್ಟು ಎರಡನ್ನೂ ಮಾಡಬೇಡ. ತಂತ್ರಾಂಶ ನಾಳೆಯೂ ಸಿಗುತ್ತದೆ, ನಾಡಿದ್ದೂ ಸಿಗುತ್ತದೆ. ಈಗಷ್ಟೇ ನೀನು ಇಳಿಸಿದ ಮುಕ್ಕಾಲು ಗಂಟೆಯ ಧ್ವನಿ ಮಾತ್ರ ಡಿಸ್ಕಿನ ಯಾವುದೋ ತಾತ್ಕಾಲಿಕ ಫೋಲ್ಡರಿನಲ್ಲಿ ಉಳಿದಿರುತ್ತದೆ, ಕ್ಲೀನರಿನ ಕಣ್ಣಿಗೆ ಅದು ಕಸ. ಒಮ್ಮೆ ಗುಡಿಸಿತೆಂದರೆ ಮುಗಿಯಿತು. ಟೇಪನ್ನು ಮತ್ತೆ ಓಡಿಸಬಹುದಲ್ಲ ಎನ್ನಬೇಡ. ಬೂಷ್ಟು ಹಿಡಿದ ಹಳೆಯ ಟೇಪು ಎರಡನೆಯ ಸಲಕ್ಕೆ ಅಷ್ಟೇ ಚೆನ್ನಾಗಿ ನುಡಿಯುತ್ತದೆಂಬ ಭರವಸೆ ಇಲ್ಲ.

ನಿನ್ನ ಹಾಗೆ ಈ ಕೆಲಸಕ್ಕೆ ಇಳಿದವರಲ್ಲಿ ಹೆಚ್ಚಿನವರು ಬಳಸುವುದು ಆಡಾಸಿಟಿ ಎಂಬ ಧ್ವನಿ ತಂತ್ರಾಂಶವನ್ನು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ, ರೋಜರ್ ಡ್ಯಾನನ್‌ಬರ್ಗ್ ಇಬ್ಬರೂ 1999ರಲ್ಲಿ ಶುರುಮಾಡಿ 2000ದಲ್ಲಿ ಜನರ ಕೈಗಿಟ್ಟದ್ದು ಅದು, ಇವತ್ತಿಗೂ ಪುಕ್ಕಟೆ. 2021ರಲ್ಲಿ ಅದರ ಮೂರನೆಯ ಆವೃತ್ತಿ ಬಂದಾಗ ಒಳಗಿನ ವ್ಯವಸ್ಥೆಯೇ ಬದಲಾಯಿತು. ಅದಕ್ಕೆ ಮುಂಚೆ ಒಂದು ಪ್ರಾಜೆಕ್ಟ್ ಎಂದರೆ ಒಂದು ಚಿಕ್ಕ ಫೈಲು, ಅದರ ಜೊತೆಗೆ ಧ್ವನಿಯನ್ನು ಚೂರುಚೂರಾಗಿ ಇಟ್ಟ ಒಂದು ಫೋಲ್ಡರು. ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು, ಫೋಲ್ಡರನ್ನು ಬಿಟ್ಟುಹೋಗಿ ಪರದಾಡಿದವರು ಬಹಳ ಮಂದಿ. ಈಗ ಎಲ್ಲವೂ ಎಯುಪಿ3 ಎಂಬ ಒಂದೇ ಫೈಲಿನಲ್ಲಿ ಇರುತ್ತದೆ. ಅದರ ಒಳಗಿರುವುದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ. ನಿನ್ನ ಮೊಬೈಲಿನೊಳಗೂ ಅದೇ ಇದೆ.

ಈ ದತ್ತಸಂಚಯದ ಒಂದು ರೀತಿಯನ್ನು ನೀನು ತಿಳಿದಿರಲೇಬೇಕು. ಹೊಸ ಬದಲಾವಣೆಯನ್ನು ಅದು ನೇರವಾಗಿ ಮುಖ್ಯ ಫೈಲಿಗೆ ಬರೆಯುವುದಿಲ್ಲ. ಪಕ್ಕದ ಇನ್ನೊಂದು ಫೈಲಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಮುಖ್ಯ ಫೈಲಿಗೆ ಸೇರಿಸುತ್ತದೆ. ಪ್ರಾಜೆಕ್ಟ್ ತೆರೆದಿರುವಾಗ ಫೋಲ್ಡರಿನೊಳಗೆ ಹಣಕಿ ನೋಡು. ಅದೇ ಹೆಸರಿನ ಕೊನೆಗೆ ಡಬ್ಲ್ಯೂಎಎಲ್ ಎಂದೂ ಎಸ್‌ಎಚ್‌ಎಂ ಎಂದೂ ಸೇರಿದ ಇನ್ನೆರಡು ಫೈಲುಗಳು ಕಾಣುತ್ತವೆ. ಪ್ರಾಜೆಕ್ಟನ್ನು ಸರಿಯಾಗಿ ಮುಚ್ಚಿದರೆ ಅವು ತಾವಾಗಿ ಇಲ್ಲವಾಗುತ್ತವೆ. ಕ್ರ್ಯಾಶ್ ಆದರೆ, ಇಲ್ಲವೇ ಫಕ್ಕನೆ ಕರೆಂಟು ಹೋದರೆ, ಅಲ್ಲೇ ಉಳಿದುಬಿಡುತ್ತವೆ. ತಿಳಿಯದವರು ಬೇಡದ ಫೈಲೆಂದು ಅವನ್ನು ಅಳಿಸುತ್ತಾರೆ. ನೀನು ಕೊನೆಗೆ ಮಾಡಿದ ಕೆಲಸ ಇರುವುದೇ ಆ ಡಬ್ಲ್ಯೂಎಎಲ್ ಫೈಲಿನಲ್ಲಿ. ಆದ್ದರಿಂದ ಕ್ರ್ಯಾಶ್ ಆದಮೇಲಿನ ಮೊದಲ ಕೆಲಸ ಇದು: ಮೂರು ಫೈಲುಗಳನ್ನೂ ಒಟ್ಟಿಗೆ, ಹೆಸರು ಬದಲಿಸದೆ, ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊ. ಪ್ರಾಜೆಕ್ಟಿಗೆ ಇನ್ನೂ ಹೆಸರಿಟ್ಟು ಸೇವ್ ಮಾಡಿರದಿದ್ದರೆ ಅದು ಆಡಾಸಿಟಿಯ ತಾತ್ಕಾಲಿಕ ಫೋಲ್ಡರಿನಲ್ಲಿರುತ್ತದೆ. ಆ ಫೋಲ್ಡರ್ ಎಲ್ಲಿದೆ ಎಂಬುದನ್ನು ಪ್ರಿಫರೆನ್ಸಿನ ಡೈರೆಕ್ಟರೀಸ್ ಪುಟದಲ್ಲಿ ಮುಂಚೆಯೇ ನೋಡಿ ಬರೆದಿಟ್ಟುಕೊ. ತಂತ್ರಾಂಶ ತೆರೆಯದ ದಿನ ಅದನ್ನು ನೋಡಲು ಆಗುವುದಿಲ್ಲ.

ನಕಲು ಕೈಗೆ ಬಂದಮೇಲೆ ಆಡಾಸಿಟಿಯನ್ನು ತೆರೆ. ಅರ್ಧಕ್ಕೆ ನಿಂತ ಪ್ರಾಜೆಕ್ಟುಗಳ ಪಟ್ಟಿಯನ್ನು ಅದೇ ಮುಂದಿಡುತ್ತದೆ. ರಿಕವರ್ ಎಂಬ ಗುಂಡಿ ಒತ್ತು. ಡಿಸ್ಕಾರ್ಡ್ ಎಂಬುದನ್ನು ಅವಸರದಲ್ಲಿ ಮುಟ್ಟಬೇಡ, ಅದು ಅಳಿಸಿಯೇ ಬಿಡುತ್ತದೆ. ಏನು ಮಾಡಬೇಕೆಂದು ತಿಳಿಯದಿದ್ದರೆ ಸ್ಕಿಪ್ ಒತ್ತಿ ಹೊರಗೆ ಬಾ. ಯೋಚನೆ ಮಾಡಲು ಸಮಯ ಸಿಗುತ್ತದೆ, ಮುಂದಿನ ಸಲ ತೆರೆದಾಗ ಅದು ಮತ್ತೆ ಕೇಳುತ್ತದೆ. ಧ್ವನಿ ಮರಳಿ ಬಂತೆಂದರೆ ಬೇರೆ ಯಾವ ತಿದ್ದುವಿಕೆಗೂ ಹೋಗದೆ ಮೊದಲು ಅದನ್ನು ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡು. ಪ್ರಾಜೆಕ್ಟ್ ಫೈಲನ್ನು ಓದಬಲ್ಲದ್ದು ಹೆಚ್ಚುಕಡಿಮೆ ಆಡಾಸಿಟಿ ಮಾತ್ರ. ವೇವ್ ಫೈಲನ್ನು ಲೋಕದ ಯಾವ ಪ್ಲೇಯರ್ ಬೇಕಾದರೂ ಓದುತ್ತದೆ.

ಈಗ ಜಾಗದ ವಿಚಾರ. ಕ್ರ್ಯಾಶಿಗೆ ಹುಡುಗರು ಊಹಿಸುವ ಕಾರಣಗಳಲ್ಲಿ ಡಿಸ್ಕ್ ತುಂಬಿರುವುದು ಕೊನೆಗೆ ಬರುತ್ತದೆ. ಅದನ್ನೇ ಮೊದಲು ನೋಡಬೇಕು. ಸಿ.ಡಿ. ಗುಣಮಟ್ಟದ ಸ್ಟೀರಿಯೊ ಧ್ವನಿಗೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. ಆಡಾಸಿಟಿ ತನ್ನೊಳಗೆ ಇಟ್ಟುಕೊಳ್ಳುವ 32 ಬಿಟ್ ರೂಪಕ್ಕೆ ಅದರ ಎರಡರಷ್ಟು. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟು ಹೀಗೆ 1.9 ಗಿಗಾಬೈಟ್ ಹಿಡಿಯುತ್ತದೆ. ಇಡೀ ಕ್ಯಾಸೆಟ್ಟಿಗೆ ಒಮ್ಮೆ ನಾಯ್ಸ್ ರಿಡಕ್ಷನ್ ಹಾಕಿದೆಯಾ, ಅನ್‌ಡೂ ಮಾಡಲು ಬೇಕಾಗಬಹುದೆಂದು ಹಳೆಯ ರೂಪವನ್ನೂ ಅದು ಉಳಿಸಿಕೊಳ್ಳುತ್ತದೆ. ಅಲ್ಲಿಗೆ ಇನ್ನೊಂದು 1.9 ಗಿಗಾಬೈಟ್ ಹೋಯಿತು. ಐದಾರು ಪರಿಣಾಮಗಳನ್ನು ಒಂದರ ಮೇಲೊಂದು ಹಾಕುವ ಹೊತ್ತಿಗೆ ಸಣ್ಣ ಎಸ್‌ಎಸ್‌ಡಿ ಉಸಿರುಗಟ್ಟುತ್ತದೆ.

ಪ್ರಾಜೆಕ್ಟನ್ನು ಎಲ್ಲಿ ಇಡುತ್ತೀ ಎಂಬುದೂ ಮುಖ್ಯ. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇಂಥವು ತಾವಾಗಿ ಮೇಲಕ್ಕೆ ಕಳಿಸುವ ಫೋಲ್ಡರಿನಲ್ಲಿ ತೆರೆದ ಪ್ರಾಜೆಕ್ಟನ್ನು ಇಡಬೇಡ. ಆಡಾಸಿಟಿ ಬರೆಯುತ್ತಿರುವ ಫೈಲನ್ನೇ ಅವೂ ಅದೇ ಹೊತ್ತಿಗೆ ಹಿಡಿದುಕೊಂಡರೆ ಫೈಲು ಕೆಡುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರೇ ಒನ್‌ಡ್ರೈವಿನೊಳಗೆ ಇರುವುದುಂಟು, ಗಮನಿಸು. ಕೆಲಸ ನಡೆಯುವಷ್ಟು ಕಾಲ ಫೈಲು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲೇ ಇರಲಿ, ಮುಚ್ಚಿದ ಮೇಲೆ ಎಲ್ಲಿಗೆ ಬೇಕಾದರೂ ಕಳಿಸು. ಇನ್ನು ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆದ ಹಳೆಯ ಪೆನ್‌ಡ್ರೈವಿನಲ್ಲಿ 4 ಗಿಗಾಬೈಟ್ ಮೀರಿದ ಫೈಲು ಹಿಡಿಸುವುದೇ ಇಲ್ಲ. ವೇವ್ ಫೈಲಿಗೂ ಅದೇ ಮಿತಿ, ಯಾಕೆಂದರೆ ಅದರ ತಲೆಬರಹದಲ್ಲಿ ಗಾತ್ರ ಬರೆಯಲು ಇರುವುದು 32 ಬಿಟ್ ಜಾಗ ಮಾತ್ರ. 16 ಬಿಟ್ ಸ್ಟೀರಿಯೊ ಆದರೆ ಆರೂಮುಕ್ಕಾಲು ಗಂಟೆಗೆ ಆ ಮಿತಿ ಮುಟ್ಟುತ್ತದೆ, 32 ಬಿಟ್ ಆದರೆ ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ಇಡೀ ರಾತ್ರಿಯ ತಾಳಮದ್ದಲೆಯನ್ನು ಒಂದೇ ಫೈಲಾಗಿ ಜೋಡಿಸುವ ಆಸೆ ನಿನಗೆ ಬಂದೇ ಬರುತ್ತದೆ. ಬೇಡ. ಕ್ಯಾಸೆಟ್ಟಿನ ಒಂದು ಮುಖಕ್ಕೆ ಒಂದು ಫೈಲು, ಅದೇ ಒಳ್ಳೆಯ ಲೆಕ್ಕ. ಒಂದು ಕೆಟ್ಟರೂ ಉಳಿದವು ಕ್ಷೇಮವಾಗಿರುತ್ತವೆ.

ಧ್ವನಿ ಭದ್ರವಾಯಿತು ಎಂದಮೇಲೆ ದೋಷ ಹುಡುಕಲು ಕೂತುಕೊ. ಸದ್ದು ಬರುವ ದಾರಿ ನಿನ್ನ ಕಣ್ಣ ಮುಂದಿರಬೇಕು. ಡಿಸ್ಕಿನ ಫೈಲಿನಿಂದ ತಂತ್ರಾಂಶಕ್ಕೆ, ಅಲ್ಲಿಂದ ವಿಂಡೋಸಿಗೆ, ವಿಂಡೋಸಿನಿಂದ ಡ್ರೈವರಿಗೆ, ಡ್ರೈವರಿನಿಂದ ಸೌಂಡ್ ಕಾರ್ಡಿಗೆ, ಕೊನೆಗೆ ತಂತಿ ಹಿಡಿದು ಸ್ಪೀಕರಿಗೆ. ಎಲ್ಲಿ ಕಡಿದಿದೆ ಎಂದು ತಿಳಿಯಲು ಒಂದೊಂದೇ ಗಂಟನ್ನು ಬದಲಿಸಿ ನೋಡುವುದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ. ಎಕ್ಸ್‌ಪೋರ್ಟ್ ಮಾಡಿದ ವೇವ್ ಫೈಲನ್ನು ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಹಾಕಿ ನೋಡು. ಅಲ್ಲಿ ಚೆನ್ನಾಗಿ ನುಡಿದರೆ ಫೈಲೂ ವಿಂಡೋಸಿನಿಂದ ಮುಂದಿನ ದಾರಿಯೂ ಸರಿಯಿದೆ, ತೊಂದರೆ ನಿನ್ನ ತಂತ್ರಾಂಶದಲ್ಲೋ ಅದರ ಸೆಟ್ಟಿಂಗಿನಲ್ಲೋ ಇದೆ. ಅಲ್ಲೂ ನುಡಿಯದಿದ್ದರೆ ಬೇರೆ ಒಂದು ಫೈಲು ಹಾಕು. ಅದೂ ಮೌನವಾಗಿದ್ದರೆ ತಂತ್ರಾಂಶವನ್ನು ದೂರಬೇಡ, ಕೆಳಗಿಳಿದು ಹುಡುಕು. ಎರಡೇ ನಿಮಿಷದ ಈ ಪರೀಕ್ಷೆ ಎಷ್ಟು ಹೊತ್ತಿನ ಅಲೆದಾಟವನ್ನು ಉಳಿಸುತ್ತದೆಂದು ನೀನೇ ಕಾಣುತ್ತೀ.

ಸದ್ದೇ ಇಲ್ಲದಿರುವುದಕ್ಕೆ ಕಾರಣ ಹೆಚ್ಚಾಗಿ ಸಣ್ಣದೇ. ಎಚ್‌ಡಿಎಂಐ ತಂತಿಯಲ್ಲಿ ಮಾನಿಟರ್ ಸಿಕ್ಕಿಸಿದರೆ ವಿಂಡೋಸ್ ಕೆಲವೊಮ್ಮೆ ಸದ್ದನ್ನೂ ಅಲ್ಲಿಗೇ ಕಳಿಸುತ್ತದೆ, ಆ ಮಾನಿಟರಿಗೆ ಸ್ಪೀಕರೇ ಇರುವುದಿಲ್ಲ. ವಾಲ್ಯೂಮ್ ಮಿಕ್ಸರಿನಲ್ಲಿ ಆ ಒಂದು ತಂತ್ರಾಂಶದ ಸದ್ದು ಮಾತ್ರ ಮುಚ್ಚಿರುವುದೂ ಉಂಟು. ಯುಎಸ್‌ಬಿ ಸೌಂಡ್ ಕಾರ್ಡನ್ನು ಆಡಾಸಿಟಿ ತೆರೆದಮೇಲೆ ಸಿಕ್ಕಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. ರೀಸ್ಕ್ಯಾನ್ ಆಡಿಯೊ ಡಿವೈಸಸ್ ಎಂಬುದನ್ನು ಒತ್ತಬೇಕು, ಇಲ್ಲವೇ ಒಮ್ಮೆ ಮುಚ್ಚಿ ತೆರೆಯಬೇಕು. ರೆಕಾರ್ಡ್ ಮಾಡಿದರೆ ನೇರ ಗೆರೆಯೊಂದೇ ಬಂತೋ, ವಿಂಡೋಸಿನ ಪ್ರೈವೆಸಿ ಪುಟಕ್ಕೆ ಹೋಗಿ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಮೈಕ್ರೋಫೋನ್ ಬಳಸಲು ಅನುಮತಿ ಇದೆಯೇ ನೋಡು. ನೀನು ಮೈಕ್ ಬಳಸದೆ ಕ್ಯಾಸೆಟ್ ಪ್ಲೇಯರನ್ನೇ ಸಿಕ್ಕಿಸಿದ್ದರೂ ವಿಂಡೋಸಿನ ಲೆಕ್ಕದಲ್ಲಿ ಒಳಗೆ ಬರುವ ಧ್ವನಿಯೆಲ್ಲ ಮೈಕ್ರೋಫೋನಿನದೇ.

ಬ್ಲೂಟೂತ್ ಹೆಡ್‌ಫೋನನ್ನು ಈ ಕೆಲಸಕ್ಕೆ ತರಲೇಬೇಡ. ಅದರ ಮೈಕು ತೆರೆದ ಕ್ಷಣ ಸಂಪರ್ಕ ಟೆಲಿಫೋನಿನ ರೀತಿಗೆ ತಿರುಗಿ, ಧ್ವನಿಯ ದರ ಸಾಮಾನ್ಯವಾಗಿ ಸೆಕೆಂಡಿಗೆ 8,000 ಸ್ಯಾಂಪಲ್‌ಗೋ 16,000ಕ್ಕೋ ಇಳಿಯುತ್ತದೆ. ನಲವತ್ತು ಸಾವಿರ ರೂಪಾಯಿಯ ಹೆಡ್‌ಫೋನಾದರೂ ಇದು ತಪ್ಪುವುದು ಅಪರೂಪ. ತಂತಿಯಿರುವ ಸಾದಾ ಹೆಡ್‌ಫೋನ್ ತೆಗೆದುಕೊ.

ಒಡೆದು ಬರುವ ಸದ್ದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿ ಎಡವುವವರೇ ಜಾಸ್ತಿ. ಮೊದಲ ಪ್ರಶ್ನೆ: ಆ ಪಟಪಟ ಇರುವುದು ರೆಕಾರ್ಡಿಂಗಿನಲ್ಲೋ, ನುಡಿಸುವಿಕೆಯಲ್ಲೋ? ಅದೇ ಜಾಗವನ್ನು ಎರಡು ಮೂರು ಸಲ ಕೇಳು. ಪ್ರತಿ ಸಲವೂ ಅದೇ ಅಕ್ಷರದ ಮೇಲೆ ಒಡೆದರೆ ದೋಷ ರೆಕಾರ್ಡಿಂಗಿನಲ್ಲೇ ಕೂತಿದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗುವುದಿಲ್ಲ. ಆ ಕ್ಯಾಸೆಟ್ಟನ್ನು ಮತ್ತೆ ಇಳಿಸಬೇಕು, ಅಷ್ಟೆ. ಒಂದೊಂದು ಸಲ ಒಂದೊಂದು ಕಡೆ ಒಡೆದರೆ ಫೈಲು ಚೆನ್ನಾಗಿದೆ, ನುಡಿಸುವ ಕಂಪ್ಯೂಟರು ಏದುಸಿರು ಬಿಡುತ್ತಿದೆ ಎಂದರ್ಥ. ರೆಕಾರ್ಡ್ ಮಾಡುವಾಗಲೇ ಚೂರು ತಪ್ಪಿಹೋದರೆ ಆಡಾಸಿಟಿ ಆ ಜಾಗಕ್ಕೆ ಡ್ರಾಪ್‌ಔಟ್ ಎಂದು ಗುರುತು ಹಚ್ಚಿ ತೋರಿಸುತ್ತದೆ. ಆ ಗುರುತನ್ನು ನೋಡಿಯೂ ಮುಂದೆ ಹೋಗಬೇಡ. ಅರ್ಥಧಾರಿಯ ಒಂದು ಮಾತು ಅಲ್ಲಿ ಅರ್ಧವಾಗಿರುತ್ತದೆ.

ಕಂಪ್ಯೂಟರು ಧ್ವನಿಯನ್ನು ಎಡೆಬಿಡದೆ ಹರಿಸುವುದಿಲ್ಲ. ಸ್ವಲ್ಪ ಸ್ವಲ್ಪ ಮೊಗೆದು ಬಫರ್ ಎಂಬಲ್ಲಿ ತುಂಬುತ್ತದೆ, ಸೌಂಡ್ ಕಾರ್ಡು ಅಲ್ಲಿಂದ ಒಂದೇ ಸಮನೆ ತೆಗೆದುಕೊಳ್ಳುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ: ಪಂಪು ಬಿಟ್ಟು ಬಿಟ್ಟು ಓಡಿದರೂ ಟ್ಯಾಂಕಿನಲ್ಲಿ ನೀರಿರುವ ತನಕ ನಲ್ಲಿ ನಿಲ್ಲುವುದಿಲ್ಲ. ಟ್ಯಾಂಕು ತೀರ ಸಣ್ಣದಾದರೆ ಪಂಪು ಒಂದು ಗಳಿಗೆ ತಡವಾದರೂ ನಲ್ಲಿ ಬಿಕ್ಕುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ 128 ಸ್ಯಾಂಪಲ್ ಬಫರ್ ಎಂದರೆ ಸುಮಾರು 3 ಮಿಲಿಸೆಕೆಂಡಿನ ದಾಸ್ತಾನು. 1024 ಎಂದರೆ 23 ಮಿಲಿಸೆಕೆಂಡು. ಹಾಡುತ್ತಾ ತನ್ನ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವ ಗಾಯಕನಿಗೆ ಸಣ್ಣ ಬಫರೇ ಬೇಕು, ಇಲ್ಲವಾದರೆ ದನಿ ಹಿಂದೆ ಬಿದ್ದಂತೆ ಕೇಳುತ್ತದೆ. ನಿನಗೆ ಆ ಅಗತ್ಯವೇ ಇಲ್ಲ. ಟೇಪು ತನ್ನ ಪಾಡಿಗೆ ಓಡುತ್ತಿದೆ, ಸ್ವಲ್ಪ ತಡವಾಗಿ ಕೇಳಿಸಿದರೆ ನಷ್ಟವೇನೂ ಇಲ್ಲ. ಬಫರನ್ನು ಧಾರಾಳವಾಗಿ ದೊಡ್ಡದಿಡು.

ಬಫರ್ ದೊಡ್ಡದಿದ್ದರೂ ಕೆಲವು ಸೆಕೆಂಡಿಗೊಮ್ಮೆ ಚಿಟ್ ಎನ್ನುತ್ತಿದ್ದರೆ ಬೇರೆ ಯಾವುದೋ ಡ್ರೈವರು ಪ್ರೊಸೆಸರನ್ನು ತಡೆದು ನಿಲ್ಲಿಸುತ್ತಿದೆ. ಅದು ವೈ-ಫೈ ಡ್ರೈವರ್ ಆಗಿರುವುದು ಬಹಳ ಸಾಮಾನ್ಯ. ವೈ-ಫೈ ಆರಿಸಿ ಕೇಳು. ಲೇಟೆನ್ಸಿಮಾನ್ ಎಂಬ ಸಣ್ಣ ತಂತ್ರಾಂಶ ಓಡಿಸಿಟ್ಟರೆ ಯಾವ ಡ್ರೈವರು ಎಷ್ಟು ಹೊತ್ತು ಹಿಡಿದಿಟ್ಟಿತೆಂದು ಹೆಸರು ಹೇಳಿ ತೋರಿಸುತ್ತದೆ. ಸೌಂಡ್ ಕಾರ್ಡನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸದೆ ನೇರ ಕಂಪ್ಯೂಟರಿಗೇ ಸಿಕ್ಕಿಸು. ವಿಂಡೋಸಿನ ಆಡಿಯೊ ಎನ್‌ಹ್ಯಾನ್ಸ್‌ಮೆಂಟುಗಳನ್ನು ತೆಗೆದುಹಾಕು. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸಿನಲ್ಲಿರಲಿ. ಒಡೆಯುವ ಸದ್ದಿನ ಬದಲು ಒಂದೇ ಸಮನೆ ಗುಂಯ್ ಎನ್ನುವುದಾದರೆ ಅದು ಬೇರೆಯೇ ಜಾತಿ: ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಸದ್ದು ಅರ್ತಿಂಗ್ ಸರಿಯಿಲ್ಲದೆ ಒಳಗೆ ನುಸುಳಿದೆ. ಟೇಪ್ ಡೆಕ್ಕನ್ನೂ ಕಂಪ್ಯೂಟರನ್ನೂ ಒಂದೇ ಪ್ಲಗ್ ಪಾಯಿಂಟಿಗೆ ಹಾಕಿ ನೋಡು. ಹೋಗದಿದ್ದರೆ ಮನೆಯ ಅರ್ತನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಮೂರನೆಯ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಬುದ್ಧಿಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡ. ಅದು ಜೀವಕ್ಕೆ ಅಪಾಯ.

ನಿನ್ನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ ದೋಷ ಶ್ರುತಿಯದು. ಧ್ವನಿಯಲ್ಲಿ ಮುಖ್ಯವಾಗಿ ಎರಡು ದರಗಳು ಬಳಕೆಯಲ್ಲಿವೆ: ಸಿ.ಡಿ.ಯಿಂದ ಬಂದ 44,100, ವಿಡಿಯೊದವರು ಬಳಸುವ 48,000. ಒಂದರಲ್ಲಿ ಹಿಡಿದದ್ದನ್ನು ಇನ್ನೊಂದೆಂದು ತಪ್ಪಾಗಿ ತಿಳಿದು ನುಡಿಸಿದರೆ ವೇಗವೂ ಶ್ರುತಿಯೂ ಜೊತೆಗೇ ಬದಲಾಗುತ್ತವೆ. 48,000ದಲ್ಲಿ ಹಿಡಿದದ್ದನ್ನು 44,100ರಲ್ಲಿ ನುಡಿಸಿದರೆ ಒಂದು ಗಂಟೆಯ ಪ್ರಸಂಗ ಅರವತ್ತೈದು ನಿಮಿಷ ಹದಿನೆಂಟು ಸೆಕೆಂಡು ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಇಳಿಯುತ್ತದೆ. ಭಾಗವತರು ಕಪ್ಪು ಎರಡರಲ್ಲಿ ಹಾಡಿದ ಪದ ಬಿಳಿ ಎರಡಕ್ಕೂ ಕಪ್ಪು ಒಂದಕ್ಕೂ ನಡುವೆ ಬಂದು ನಿಲ್ಲುತ್ತದೆ. ಮಾತು ಮಾತ್ರ ಕೇಳುವವರಿಗೆ ಇದು ಗೊತ್ತಾಗದೇ ಹೋಗಬಹುದು; ದನಿ ಸ್ವಲ್ಪ ಭಾರವಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಮದ್ದಳೆಯ ನಾದ ಬಲ್ಲವರು ಕೂಡಲೇ ತಲೆ ಎತ್ತುತ್ತಾರೆ. ಶೇಣಿಯವರಂಥ ಕಲಾವಿದರ ದನಿಯನ್ನು ಅವರದಲ್ಲದ ಶ್ರುತಿಯಲ್ಲಿ ಮುಂದಿನವರಿಗೆ ಒಪ್ಪಿಸುವುದು ದೊಡ್ಡ ಅಪಚಾರವೆಂದು ನಾನು ನಂಬಿದ್ದೇನೆ.

ಹಾಗಾಗಿ ಸೌಂಡ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್, ವಿಂಡೋಸಿನ ಸೌಂಡ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟ, ಆಡಾಸಿಟಿಯ ಪ್ರಾಜೆಕ್ಟ್ ರೇಟ್ ಈ ಮೂರರಲ್ಲೂ ಒಂದೇ ಅಂಕಿ ಇರಲಿ. ಯಾವುದಾದರೂ ಸರಿ, ಮೂರೂ ಒಂದಾಗಿರಬೇಕು. ಈಗಾಗಲೇ ತಪ್ಪಿಹೋಗಿದ್ದರೆ ಹೆದರಬೇಡ, ಧ್ವನಿ ಕೆಟ್ಟಿಲ್ಲ. ಟ್ರ್ಯಾಕಿನ ಹೆಸರಿನ ಬಳಿಯ ಮೆನುವಿನಲ್ಲಿ ರೇಟ್ ಎಂಬುದಿದೆ, ಅಲ್ಲಿ ಸರಿಯಾದ ದರ ಆರಿಸಿದರೆ ಶ್ರುತಿ ತನ್ನ ಸ್ಥಾನಕ್ಕೆ ಬರುತ್ತದೆ. ಆದರೆ ಶ್ರುತಿಯ ಎಲ್ಲ ತಪ್ಪೂ ಕಂಪ್ಯೂಟರಿನದಲ್ಲ. ಅಂದು ಬ್ಯಾಟರಿ ಸೆಲ್ಲಿನ ಟೇಪ್ ರೆಕಾರ್ಡರಿನಲ್ಲಿ ಹಿಡಿಯುವಾಗ, ಬೆಳಗಿನ ಜಾವದ ಹೊತ್ತಿಗೆ ಸೆಲ್ಲು ಸೋತು ಟೇಪು ನಿಧಾನವಾಗಿ ಓಡಿರುತ್ತದೆ. ಅದನ್ನು ಈಗ ಸರಿಯಾದ ವೇಗದ ಡೆಕ್ಕಿನಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ, ಮಾತು ಅವಸರವಾಗುತ್ತದೆ. ಅಂಕಿಯ ತಪ್ಪಾದರೆ ಮೊದಲಿನಿಂದ ಕೊನೆಯ ತನಕ ವ್ಯತ್ಯಾಸ ಒಂದೇ ಸಮ; ಸೆಲ್ಲಿನ ತಪ್ಪಾದರೆ ಹೋಗುತ್ತಾ ಹೋಗುತ್ತಾ ಹೆಚ್ಚುತ್ತದೆ. ಇದನ್ನು ಕಿವಿಯಿಂದಲೇ ಗುರುತಿಸಬೇಕು. ಹಾಡಿದ ಭಾಗವತರ ಶ್ರುತಿ ಬಲ್ಲ ಹಿರಿಯರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊ.

ಇನ್ನು ತಂತ್ರಾಂಶವೇ ಮತ್ತೆ ಮತ್ತೆ ಬೀಳುತ್ತಿದ್ದರೆ ಅದು ಬಿಟ್ಟುಹೋದ ಬರಹವನ್ನು ಓದು. ವಿಂಡೋಸಿನಲ್ಲಿ ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಷನ್ ಪಟ್ಟಿಯಲ್ಲಿ ಅಪ್ಲಿಕೇಷನ್ ಎರರ್, ಇವೆಂಟ್ ಐಡಿ 1000 ಎಂಬ ಕೆಂಪು ಗುರುತನ್ನು ಹುಡುಕು. ಅದರೊಳಗೆ ಫಾಲ್ಟಿಂಗ್ ಮಾಡ್ಯೂಲ್ ಎಂಬ ಸಾಲಿನಲ್ಲಿ ಒಂದು ಫೈಲಿನ ಹೆಸರು ಇರುತ್ತದೆ. ಅದು ತಂತ್ರಾಂಶಕ್ಕೆ ಹೊರಗಿನಿಂದ ಜೋಡಿಸಿದ ಪ್ಲಗಿನ್ನಿನದೋ ಸೌಂಡ್ ಕಾರ್ಡಿನ ಡ್ರೈವರಿನದೋ ಆಗಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಎನ್‌ಟಿಡಿಎಲ್‌ಎಲ್ ಎಂಬ ಹೆಸರು ಕಂಡರೆ ವಿಂಡೋಸೇ ಕೆಟ್ಟಿತೆಂದು ತೀರ್ಮಾನಿಸಬೇಡ. ತಂತ್ರಾಂಶ ಬಿದ್ದ ಜಾಗ ಅದು, ತಳ್ಳಿದವರು ಬೇರೆ ಇರಬಹುದು. ಒಂದೊಂದು ಸಲ ಒಂದೊಂದು ಹೆಸರು ಬರುತ್ತಿದ್ದರೆ, ಬೇರೆ ತಂತ್ರಾಂಶಗಳೂ ಹಾಗೆಯೇ ಬೀಳುತ್ತಿದ್ದರೆ, ರ‍್ಯಾಮ್ ಮೇಲೆ ಅನುಮಾನ ಪಡು. ವಿಂಡೋಸಿನಲ್ಲೇ ಮೆಮೊರಿ ಪರೀಕ್ಷೆಯ ಸಾಧನವಿದೆ. ರಾತ್ರಿ ಅದನ್ನು ಓಡಿಸಿಟ್ಟು ಮಲಗು.

ಕ್ರ್ಯಾಶ್‌ಗಳಲ್ಲಿ ಪ್ಲಗಿನ್ನಿನ ಪಾಲು ದೊಡ್ಡದು. ಯಾವ ಪ್ಲಗಿನ್ ಎಂದು ತಿಳಿಯದಿದ್ದಾಗ ಅವುಗಳಲ್ಲಿ ಅರ್ಧವನ್ನು ಬೇರೆ ಫೋಲ್ಡರಿಗೆ ಸರಿಸಿ ನೋಡು. ಬೀಳುವುದು ನಿಂತರೆ ತಪ್ಪಿತಸ್ಥ ಸರಿಸಿದ ಅರ್ಧದಲ್ಲಿದೆ, ನಿಲ್ಲದಿದ್ದರೆ ಉಳಿದ ಅರ್ಧದಲ್ಲಿ. ಹೀಗೆ ಅರ್ಧಕ್ಕೆ ಅರ್ಧ ಮಾಡುತ್ತಾ ಹೋದರೆ 32 ಪ್ಲಗಿನ್‌ಗಳಲ್ಲಿ ತಪ್ಪಿತಸ್ಥ ಐದೇ ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತದೆ. 64 ಬಿಟ್ ತಂತ್ರಾಂಶಕ್ಕೆ 32 ಬಿಟ್ಟಿನ ಹಳೆಯ ಪ್ಲಗಿನ್ ಹೊಂದುವುದಿಲ್ಲವೆಂಬುದೂ ನೆನಪಿರಲಿ. ದುಡ್ಡು ಕೊಡಬೇಕಾದ ಪ್ಲಗಿನ್ನನ್ನು ಬೀಗ ಮುರಿದು ಪುಕ್ಕಟೆ ಹಂಚುವವರು ಗಲ್ಲಿ ಗಲ್ಲಿಯಲ್ಲಿ ಸಿಗುತ್ತಾರೆ. ಅದನ್ನು ನಿನ್ನ ಕಂಪ್ಯೂಟರಿಗೆ ಸೇರಿಸಬೇಡ. ಬರೆದವನ ದುಡಿಮೆಯ ಕಳವು ಅದು. ಅದರ ಮೇಲೆ, ಬೀಗ ಮುರಿದವನು ಒಳಗೆ ಇನ್ನೇನು ತುರುಕಿದ್ದಾನೆಂದು ನಿನಗೆ ತಿಳಿಯದು, ಕೆಟ್ಟರೆ ಕೇಳಲು ಯಾರೂ ಇರುವುದಿಲ್ಲ. ಹಳೆಯ ಟೇಪನ್ನು ಶುಚಿಗೊಳಿಸಲು ಆಡಾಸಿಟಿಯೊಳಗೆ ಇರುವುದೇ ಸಾಕು.

ಪ್ಲಗಿನ್ನಿನದೂ ಅಲ್ಲವಾದರೆ ತಂತ್ರಾಂಶದ ಸೆಟ್ಟಿಂಗ್ ಫೈಲು ಕೆಟ್ಟಿರಬಹುದು. ತಂತ್ರಾಂಶ ಕಿತ್ತುಹಾಕಿದರೂ ಆ ಫೈಲು ಸಾಮಾನ್ಯವಾಗಿ ಉಳಿದೇ ಇರುತ್ತದೆ, ಹೊಸದಾಗಿ ಹಾಕಿದ್ದು ಮತ್ತೆ ಅದನ್ನೇ ಓದಿ ಮತ್ತೆ ಬೀಳುತ್ತದೆ. ಕಿತ್ತು ಹಾಕುವುದರಿಂದ ಗುಣವಾಗದಿರುವುದಕ್ಕೆ ಇದೇ ಕಾರಣ. ಆಡಾಸಿಟಿಯ ಟೂಲ್ಸ್ ಮೆನುವಿನಲ್ಲಿ ರೀಸೆಟ್ ಕಾನ್ಫಿಗರೇಷನ್ ಇದೆ. ತಂತ್ರಾಂಶ ತೆರೆಯುವುದೇ ಇಲ್ಲವಾದರೆ ಸೆಟ್ಟಿಂಗಿನ ಫೈಲಿಗೆ ಬೇರೆ ಹೆಸರಿಡು. ಅಳಿಸಬೇಡ, ಹೆಸರು ಬದಲಿಸು. ಅದರ ತಪ್ಪಲ್ಲವೆಂದು ಗೊತ್ತಾದರೆ ಹಳೆಯ ಹೆಸರು ಕೊಟ್ಟರೆ ಎಲ್ಲ ಮೊದಲಿನಂತೆ.

ಇದಕ್ಕೆಲ್ಲ ಒಂದು ಶಿಸ್ತು ಬೇಕು: ಒಮ್ಮೆಗೆ ಒಂದನ್ನೇ ಬದಲಿಸುವುದು. ಡ್ರೈವರನ್ನೂ ಬಫರನ್ನೂ ಪ್ಲಗಿನ್ನನ್ನೂ ಒಂದೇ ಏಟಿಗೆ ಬದಲಿಸಿ ಸರಿಹೋದರೆ ಸಂತೋಷವೇನೋ ಆಗುತ್ತದೆ, ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಮೊದಲಿನಿಂದ ಶುರು. ಒಂದು ನೋಟುಬುಕ್ಕು ಇಟ್ಟುಕೊ. ಏನು ಬದಲಿಸಿದೆ, ಮುಂಚೆ ಏನಿತ್ತು, ಆಮೇಲೆ ಏನಾಯಿತು ಎಂದು ಬರೆ. ಬಲ್ಲವರನ್ನು ಕೇಳಲು ಹೋಗುವಾಗಲೂ ಆ ಪುಸ್ತಕವೇ ನಿನ್ನ ಕೈಯಲ್ಲಿರಲಿ. ಬರೀ ‘ಆಡಾಸಿಟಿ ಕೆಲಸ ಮಾಡುತ್ತಿಲ್ಲ’ ಎಂದರೆ ಎಷ್ಟೇ ಬಲ್ಲವರಾದರೂ ಏನು ಹೇಳಿಯಾರು? ಯಾವ ಆವೃತ್ತಿ, ಯಾವ ವಿಂಡೋಸ್, ಯಾವ ಸೌಂಡ್ ಕಾರ್ಡು, ಯಾವ ಗುಂಡಿ ಒತ್ತಿದಾಗ ಬಿತ್ತು, ಒತ್ತಿದಾಗಲೆಲ್ಲ ಬೀಳುತ್ತದೋ ಒಮ್ಮೊಮ್ಮೆಯೋ ಎಂದು ಹೇಳು. ಅರ್ಧ ಉತ್ತರ ನಿನ್ನ ಪ್ರಶ್ನೆಯಲ್ಲೇ ಇರುತ್ತದೆ.

ಕೆಲಸದ ನಡುವೆ ಹೊಸ ಆವೃತ್ತಿಗೆ ಹಾರಬೇಡ. ಹಿಡಿದ ಕ್ಯಾಸೆಟ್ಟುಗಳ ಕಂತು ಮುಗಿಯಲಿ, ಎಲ್ಲವೂ ವೇವ್ ರೂಪದಲ್ಲಿ ಹೊರಗೆ ಬರಲಿ, ಆಮೇಲೆ ಹೊಸದನ್ನು ಹಾಕು. ಹಳೆಯ ಆವೃತ್ತಿಯ ಇನ್‌ಸ್ಟಾಲರನ್ನು ಎತ್ತಿಟ್ಟಿರು. ಹೊಸದರಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಹಳೆಯದು ತೆರೆಯದೇ ಇರಬಹುದು, ಹಿಂದಕ್ಕೆ ಬರುವ ದಾರಿ ಆಗ ಮುಚ್ಚಿರುತ್ತದೆ.

ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕುವ ಮೊದಲು ಅದರ ಬೆನ್ನಿನ ಎರಡು ಚಿಕ್ಕ ಪ್ಲಾಸ್ಟಿಕ್ ನಾಲಗೆಗಳನ್ನು ಮುರಿ. ಮುರಿದಮೇಲೆ ಯಾರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದರ ಮೇಲೆ ಬೇರೆ ಧ್ವನಿ ಬರೆಯಲಾಗುವುದಿಲ್ಲ. ಇಳಿಸಿದ್ದಾಯಿತೆಂದು ಕ್ಯಾಸೆಟ್ಟನ್ನು ಎಸೆಯಲೂ ಬೇಡ, ಗುಜರಿಗೆ ಹಾಕಲೂ ಬೇಡ. ಬಿಸಿಲು, ತೇವ, ಸ್ಪೀಕರಿನ ಅಯಸ್ಕಾಂತ ತಾಗದ ಕಡೆ ನಿಲ್ಲಿಸಿಡು. ಇಂದು ರಾತ್ರಿ ಕಂಪ್ಯೂಟರು ಆರಿಸುವ ಮೊದಲು, ಇದುವರೆಗೆ ಇಳಿಸಿದ ಎಲ್ಲವನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡು. ಒಂದು ನಿನ್ನ ಹತ್ತಿರವಿರಲಿ, ಇನ್ನೊಂದನ್ನು ನನಗೆ ಕಳಿಸು.